ಪಿಸುವಿನ ರೆಕಾರ್ಡು

ಮೂರನೆಯ ಪೆಟ್ಟಿಗೆಯ ಅಂಟುಪಟ್ಟಿಗೆ ಕತ್ತರಿ ಹಾಕುವಾಗ ಆಕೆಗೆ ಸೊಂಟ ಹಿಡಿದುಕೊಂಡಿತು. ಅರ್ಧ ಬಗ್ಗಿದವಳು ಹಾಗೇ ಗೋಡೆಗೆ ಕೈಕೊಟ್ಟು ನಿಂತು, ಯಾರಿಗೆ ಬೇಕಿತ್ತು ಈ ಸಂಭ್ರಮ ಎಂದು ಪೆಟ್ಟಿಗೆಯನ್ನೇ ಕೇಳಿದಳು. ಪೆಟ್ಟಿಗೆಯಿಂದ ಹೊಸ ರೆಕಾರ್ಡುಗಳ ವಾಸನೆ ಬಂತು. ಮದುವೆಯಾದ ಹೊಸದರಲ್ಲಿ ಆ ವಾಸನೆಗೆ ಅವಳ ಎದೆ ಅರಳುತ್ತಿತ್ತು. ಈಗ ಅದು ಮೂಗಿಗೆ ಬಡಿದರೆ ನೆನಪಾಗುವುದು ಹೊರಬೇಕಾದ ಭಾರ, ಕಟ್ಟಬೇಕಾದ ಪೊಟ್ಟಣ, ಬರೆಯಬೇಕಾದ ವಿಳಾಸ.

ನಾಳೆ ಸಂಜೆ ಎರಡು ಆಲ್ಬಮ್ಮುಗಳ ಬಿಡುಗಡೆ. ಒಂದು, ಪಿಯಾನೋ ನುಡಿಸುವ ತರುಣಿಯದು. ಅವಳು ಗಟ್ಟಿಗಿತ್ತಿ, ಧ್ವನಿಮುದ್ರಣದಿಂದ ಹಿಡಿದು ಎಲ್ಲವನ್ನೂ ತಾನೇ ಬೇರೆ ಕಡೆ ಮಾಡಿಸಿಕೊಂಡು ಬಂದಿದ್ದಳು. ಇನ್ನೊಂದು ಪಿಸುವಿನದು. ಪಿಸು ಡ್ರಮ್ಮರ್. ಡ್ರಮ್ಮು ಎಂದರೆ ಮನೆಯ ಸೂರು ಹಾರಿಹೋಗುವಂತೆ ಬಾರಿಸುವುದು ಎಂದು ತಿಳಿದವರು ಒಮ್ಮೆ ಅವನನ್ನು ಕೇಳಬೇಕು. ಅವನು ಕೋಲು ಮುಟ್ಟುವುದೇ ಅಪರೂಪ. ಎರಡು ತಂತಿಯ ಬ್ರಶ್ ಹಿಡಿದು, ಮಗುವಿನ ತಲೆ ನೇವರಿಸಿದಂತೆ ಡ್ರಮ್ಮಿನ ಮೈ ಸವರುತ್ತಾನೆ. ಅದಕ್ಕೇ ಜಾಜ್ ಮಂದಿ ಅವನಿಗೆ ಪಿಸುಮಾತು ಎಂದು ಹೆಸರಿಟ್ಟರು. ಬರಬರುತ್ತ ಅದೂ ಉದ್ದವಾಯಿತೆಂದು ಪಿಸು ಮಾಡಿದರು. ಯಾರ ರೆಕಾರ್ಡು ತೆಗೆದು ನೋಡಿದರೂ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅವನಿರುತ್ತಿದ್ದ. ಮುಂಬದಿಗೆ ಬರಲು ಅವನ ತಲೆ ಪೂರ್ತಿ ಬೆಳ್ಳಗಾಗಬೇಕಾಯಿತು.

"ಇದೊಂದು ಆಗ್ಬಿಡ್ಲಿ ಅತ್ತಿಗೆ, ಆಮೇಲೆ ನನ್ನನ್ನ ಕಸದ ಜೊತೆ ಹೊರಗಿಟ್ರೂ ಬೇಜಾರಿಲ್ಲ" ಎಂದು ವರ್ಷವಿಡೀ ಅವಳ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಿದ್ದ.

ಕಂಪನಿಯ ಹೆಸರು 'ಮೂರನೇ ಮಹಡಿ'. ಹುಟ್ಟಿದ್ದು ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಗಂಡನ ಮಂಡಿ ಕೈಕೊಟ್ಟ ಮೇಲೆ ಸಂಸಾರವೂ ಕಂಪನಿಯೂ ಅದೇ ಕಟ್ಟಡದ ನೆಲಮಹಡಿಗೆ ಇಳಿದವು, ಹೆಸರು ಮಾತ್ರ ಮೇಲೆಯೇ ಉಳಿಯಿತು. ಹೊಸಬರು ಇವತ್ತಿಗೂ ಮೂರು ಮಹಡಿ ಹತ್ತಿ, ಏದುಸಿರು ಬಿಟ್ಟು, ಬೈದುಕೊಂಡು ಇಳಿದು ಬರುತ್ತಾರೆ. ಕಂಪನಿ ಎಂದರೂ ಇರುವುದು ಗಂಡ ಹೆಂಡತಿ ಇಬ್ಬರೇ. ಅವನು ಕಿವಿ, ಇವಳು ಕೈ. ಅವನ ಕಿವಿಯ ಖ್ಯಾತಿ ಸಣ್ಣದೇನಲ್ಲ. ಸಭೆಯ ಕೊನೆಯ ಸಾಲಿನಲ್ಲಿ ಕೂತು ಸ್ಯಾಕ್ಸೊಫೋನಿನ ಯಾವ ಗುಂಡಿ ಸಡಿಲವಾಗಿದೆ ಎಂದು ಹೇಳಿದ ಮನುಷ್ಯ ಅವನು. ದೊಡ್ಡ ದೊಡ್ಡ ಕಂಪನಿಗಳು ಕರೆದರೂ ಹೋಗದೆ, ಯಾರೂ ಕೊಳ್ಳದ ಸಂಗೀತವನ್ನು ಆರಿಸಿ ಆರಿಸಿ ಹೊರತರುತ್ತಲೇ ಮುದುಕನಾದ. ಅವಳೂ ಜೊತೆಗೆ ಮುದುಕಿಯಾದಳು.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಸ್ಟುಡಿಯೋದ ಕೆಲಸವೆಲ್ಲ ಮುಗಿದ ಮೇಲೆ ಕೆಲವು ವಾರ ಅದನ್ನು ಯಾರೂ ಕೇಳಕೂಡದು. "ಕಿವಿ ಆರಬೇಕು" ಎನ್ನುತ್ತಿದ್ದ ಗಂಡ. ಕಾರ್ಖಾನೆಯವರು ಎಲ್ಲ ಪ್ರತಿಗಳನ್ನು ಒತ್ತುವ ಮುಂಚೆ ಒಪ್ಪಿಗೆಗಾಗಿ ಒಂದು ಮಾದರಿ ರೆಕಾರ್ಡು ಕಳಿಸುತ್ತಾರೆ. ಅದು ಬಂದ ಸಂಜೆ ಇಬ್ಬರೂ ಎದುರುಬದುರು ಕೂತು ಎರಡೂ ಮಗ್ಗುಲು ಕೇಳಬೇಕು. ಅವಳು ಬೀನ್ಸ್ ಬಿಡಿಸಲಿ, ಅಂಗಿಯ ಗುಂಡಿ ಹೊಲಿಯಲಿ, ಎದುರಿಗಿದ್ದರೆ ಸರಿ. ಕೊನೆಗೆ ಅವನು "ಆಯ್ತು" ಎಂದರೆ ಆಯಿತು, "ಉಹೂಂ" ಎಂದರೆ ಇಲ್ಲ. ಅವಳ ಅಭಿಪ್ರಾಯವನ್ನು ಒಂದು ದಿನವೂ ಕೇಳಿದವನಲ್ಲ. ಮತ್ತೆ ತನ್ನನ್ನೇಕೆ ಕಟ್ಟಿಹಾಕಿದ ಹಾಗೆ ಕೂರಿಸಿಕೊಳ್ಳುತ್ತಾನೋ ಎಂದು ಗೊಣಗಿದರೂ, ಒಬ್ಬನೇ ಕೇಳಲು ಬೇಜಾರೇನೋ, ಸ್ವಲ್ಪ ಪ್ರೀತಿಯೂ ಇದ್ದೀತು ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಪೆಟ್ಟಿಗೆ ಒಡೆದಾಗ ಒಂದೊಂದನ್ನು ಹಾಕಿ ನೋಡುವುದು ಅವಳ ಅಭ್ಯಾಸ. ಮೊದಲು ಪಿಯಾನೋ ಹಾಕಿದಳು. ಚೆನ್ನಾಗಿತ್ತು. ಅದನ್ನು ತೆಗೆದು ಪಿಸುವಿನದನ್ನು ಹಾಕಿ, ಚೀಲಗಳನ್ನು ಎಣಿಸಿಡಲು ಆ ಕಡೆ ತಿರುಗಿದಳು. ತಿರುಗಿದವಳು ಹಲ್ಲು ಕಚ್ಚಿದಳು.

ಯಾರೋ ತಗಡನ್ನು ಮೊಳೆಯಿಂದ ಕೆರೆಯುತ್ತಿದ್ದರು. ಹಿಂದೆ ಎಲ್ಲೋ ದೂರದಲ್ಲಿ ಪಿಯಾನೋ, ಬಾಸ್ ತಂತಿವಾದ್ಯ ಇದ್ದವು. ಮುಂದೆ ಮಾತ್ರ ಈ ಕೆರೆತ, ಅದರ ಮೇಲೆ ತಾಳದ ತಟ್ಟೆಗಳ ಕಿವಿ ಹರಿಯುವ ಚೀತ್ಕಾರ. ಯಂತ್ರದ ಮುಳ್ಳಿಗೆ ಧೂಳು ಕೂತಿರಬೇಕೆಂದು ಒರೆಸಿದಳು. ಬೇರೆ ಪ್ರತಿ ಹಾಕಿದಳು. ಇನ್ನೊಂದು ಪೆಟ್ಟಿಗೆಯದನ್ನು ಹಾಕಿದಳು. ಅದೇ ತಗಡು, ಅದೇ ಮೊಳೆ.

ಸ್ಟುಡಿಯೋದ ಎಂಜಿನಿಯರಿಗೆ ಫೋನು ಮಾಡಿದಳು. ಆ ಹೆಂಗಸು ಈ ಫೋನಿಗೇ ಕಾದಿದ್ದವಳ ಹಾಗೆ ಶುರು ಮಾಡಿದಳು.

"ನಾನು ಹೇಳ್ದೆ ಅತ್ತಿಗೆ. ಅಣ್ಣ ಕೂತ್ಕೊಂಡು, ಬ್ರಶ್ ಕೇಳಿಸ್ತಿಲ್ಲ, ಇನ್ನೂ ಎತ್ತು, ಇನ್ನೂ ಎತ್ತು ಅಂದ್ರು. ನಾನು ಎತ್ತಿದಷ್ಟೂ ಸಾಲದು ಅಂದ್ರು. ಅವ್ರ ಕಿವಿ ಮುಂದೆ ನಂದೇನು ಲೆಕ್ಕ? ನನ್ನ ಕಿವೀನೇ ಕೆಟ್ಟಿರ್ಬೇಕು ಅನ್ಕೊಂಡೆ."

"ಮಾದರಿ ಬಂದಾಗ ಕೇಳಿದ್ರಲ್ಲ?"

"ಕೇಳಿ ಆಯ್ತು ಅಂದ್ರು. ನಿಮ್ಮತ್ತಿಗೇನೂ ಪೂರ್ತಿ ಕೇಳಿದಾಳೆ, ಮುಖದಲ್ಲಿ ಒಂದು ಗೆರೆ ಅಲುಗಿಲ್ಲ ಅಂದ್ರು."

ಫೋನು ಇಟ್ಟು ಅವಳು ಪೆಟ್ಟಿಗೆಯ ಮೇಲೆಯೇ ಕೂತಳು. ಆ ಸಂಜೆ ನೆನಪಾಯಿತು. ಬೆಳಗಿನಿಂದ ಪೊಟ್ಟಣ ಕಟ್ಟಿ, ಅಂಚೆ ಕಚೇರಿಗೆ ಎರಡು ಸಲ ಹೊತ್ತು ಹಾಕಿ ಬಂದು, ಮಡಿಲಲ್ಲಿ ಬೀನ್ಸಿನ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಮುಳ್ಳು ಇಳಿಯುವ ಮುಂಚೆಯೇ ಕಣ್ಣು ಎಳೆಯುತ್ತಿತ್ತು. ಎಚ್ಚರವಾದಾಗ ರೆಕಾರ್ಡು ಮುಗಿದಿತ್ತು, ಗಂಡ "ಆಯ್ತು" ಎನ್ನುತ್ತಿದ್ದ. ತಾನು ಗಡದ್ದಾಗಿ ನಿದ್ದೆ ಹೊಡೆದದ್ದು ಅವನಿಗೆ ಗೊತ್ತಾಗಲಿಲ್ಲವಲ್ಲ, ಸದ್ಯ ಎಂದು ಎದ್ದು ಒಲೆ ಹಚ್ಚಿದ್ದಳು.

ಬೇರೆಯವೂ ನೆನಪಾದವು. ಕೆಟಲ್ಲು ಕೂಗಿ ಕೂಗಿ ನೀರು ಬತ್ತಿದ್ದರೂ ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದ ಗಂಡ. ಬಾಗಿಲ ಗಂಟೆ ಬಡಿದರೆ "ನೀನೇ ನೋಡೇ" ಎನ್ನುತ್ತಿದ್ದ ಗಂಡ. ಗಂಡಸರ ಕಿವುಡು ಎಲ್ಲ ಮನೆಯಲ್ಲೂ ಇದ್ದದ್ದೇ, ಮನೆಗೆಲಸದ ಮಾತು ಬಂದರೆ ಹೆಚ್ಚಾಗುತ್ತದೆ ಎಂದು ಅವಳು ಅದನ್ನು ಕಿವಿ ಮೇಲೆ ಹಾಕಿಕೊಂಡಿರಲಿಲ್ಲ. ಈಗ ಅದು ನಿಜವಾದ ಕಿವುಡೇ ಎಂದು ಹೊಳೆಯಿತು. ಹಿಂದೆಯೇ ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಗಂಡ, ಪಿಸು ಇಬ್ಬರೂ ನಗುತ್ತ ಒಳಗೆ ಬಂದರು. ಪಿಸು ನಾಳೆಗೆಂದು ಹೊಸ ಕೋಟು ಹೊಲಿಸಿದ್ದ. ಅದನ್ನು ಇವತ್ತೇ ಹಾಕಿಕೊಂಡಿದ್ದ. ಪೆಟ್ಟಿಗೆಯಿಂದ ಒಂದು ರೆಕಾರ್ಡು ಎತ್ತಿ, ಮುಖಪುಟದಲ್ಲಿದ್ದ ತನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ಒರೆಸಿದರೆ ಹೋದೀತೋ ಎಂದು ನೋಡುವವನ ಹಾಗೆ.

"ಅತ್ತಿಗೆ, ಅಕ್ಷರ ಸ್ವಲ್ಪ ದೊಡ್ಡದಾಯ್ತೇನೋ ಅಲ್ವಾ?"

"ಇಷ್ಟು ವರ್ಷದ್ದೆಲ್ಲ ಸೇರಿಸಿ ಒಟ್ಟಿಗೇ ಹಾಕ್ಸಿದೀನಿ, ಸುಮ್ನಿರೋ" ಎಂದ ಗಂಡ. "ಕೂತ್ಕೋ, ಕೇಳೋಣ."

ಅವಳು ಬೇಡವೆನ್ನುವಷ್ಟರಲ್ಲಿ ಮುಳ್ಳು ಇಳಿದಿತ್ತು. ತಗಡು ಕೆರೆಯತೊಡಗಿತು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇಬ್ಬರು ಮುದುಕರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಆಹಾ, ಎಷ್ಟು ಮೆತ್ತಗೆ ಬಂದಿದೆ ಅಣ್ಣ!" ಎಂದ ಪಿಸು.

"ಹತ್ತಿ ಕಣೋ, ಹತ್ತಿ" ಎಂದ ಗಂಡ.

ಒಂದು ಜನ್ಮ ಡ್ರಮ್ಮಿನ ಹಿಂದೆ ಕೂತವನ ಕಿವಿ ಇನ್ನೇನಾಗಿದ್ದೀತು! ಕಿವುಡರು ಒಬ್ಬನಿಗೆ ಇಬ್ಬರಾದರು. ಅವಳಿಗೆ ನಗುವೂ ಬಂತು, ಮರುಕವೂ ಬಂತು. ಇಷ್ಟು ಸುಖವಾಗಿರುವವರನ್ನು ಹೀಗೇ ಬಿಟ್ಟುಬಿಟ್ಟರೇನು ಎಂದು ಒಂದು ಕ್ಷಣ ಅನ್ನಿಸಿತು. ಅವಳಿಗೂ ಸಾಕಾಗಿತ್ತು. ಪೆಟ್ಟಿಗೆಗಳನ್ನು ಮತ್ತೆ ಕಟ್ಟಿ ವಾಪಸು ಕಳಿಸುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದು ಸುಲಭ. ಆದರೆ ನಾಳೆ ಸಂಜೆ ಸಭೆಯ ತುಂಬ ಕೇಳುವ ಕಿವಿಗಳಿರುತ್ತವೆ. ಇಷ್ಟು ಕಾಲ ಪಿಸುಗುಟ್ಟಿದವನು ತನ್ನ ಸರದಿ ಬಂದಾಗ ತಗಡು ಕೆರೆದ ಎಂದು ಎಲ್ಲರೂ ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಾರೆ. ಅವನೊಬ್ಬ ಮಾತ್ರ ಹೊಸ ಕೋಟಿನಲ್ಲಿ ನಗುತ್ತ ನಿಂತಿರುತ್ತಾನೆ.

ಅವಳು ಹೋಗಿ ಮುಳ್ಳನ್ನು ಎತ್ತಿಬಿಟ್ಟಳು.

ಆ ಮನೆಯಲ್ಲಿ ನಡುವೆ ಮುಳ್ಳು ಎತ್ತಿದವರಿಲ್ಲ. ಗಂಡ ಕಣ್ಣು ಬಿಟ್ಟ. "ಏನೇ ಇದು?"

"ಚೆನ್ನಾಗಿಲ್ಲ ರೀ. ಬ್ರಶ್ಶು ಕಿವಿ ಇರೀತಿದೆ. ತಗಡು ಕೆರೆದ ಹಾಗಿದೆ."

"ನಿಂಗೇನು ಗೊತ್ತಾಗತ್ತೆ?"

"ನಂಗೆ ಕೇಳಿಸತ್ತೆ. ನಿಮಗೆ ಕೇಳಿಸ್ತಿಲ್ಲ. ಪಿಸು, ನಿಮಗೂ ಕೇಳಿಸ್ತಿಲ್ಲ."

ಕೋಣೆಯಲ್ಲಿ ರೆಕಾರ್ಡು ಸುಮ್ಮನೆ ತಿರುಗುತ್ತಿತ್ತು. ಗಂಡನ ಮುಖ ಮೊದಲು ಕೆಂಪಾಯಿತು. ಈಗ ಕೂಗಾಡುತ್ತಾನೆ ಎಂದು ಅವಳು ಕಾದಳು. ಅವನು ಕೂಗಲಿಲ್ಲ. ಕೈ ಚಾಚಿ ಯಂತ್ರ ನಿಲ್ಲಿಸಿದ.

"ಆವತ್ತು ನೀನು ಕಣ್ಣು ಮುಚ್ಕೊಂಡು ಎಷ್ಟು ನೆಮ್ಮದಿಯಾಗಿ ಕೇಳ್ತಿದ್ದೆ" ಎಂದ. ದೂರಿನ ಹಾಗಿತ್ತು. "ಹುಬ್ಬು ಸಹ ಗಂಟಿಕ್ಕಲಿಲ್ಲ. ಕೊನೇವರೆಗೂ ನೋಡ್ದೆ."

"ನಿದ್ದೆ ರೀ ಅದು. ಕೂತಲ್ಲೇ ನಿದ್ದೆ ಹೋಗಿದ್ದೆ."

"ನಿದ್ದೆ?"

"ಹೂಂ. ಸಾಕಾಗಿತ್ತು."

ಅವನು ನಗಲು ಹೊರಟು ನಿಲ್ಲಿಸಿದ. ತನ್ನ ಮಂಡಿಗಳನ್ನು ಎರಡೂ ಕೈಯಿಂದ ಒತ್ತಿಕೊಂಡ.

"ಮೊದಲೆಲ್ಲ ಸುಮ್ನೆ ಜೊತೆಗಿರ್ಲಿ ಅಂತ ಕೂರಿಸ್ಕೋತಿದ್ದೆ" ಎಂದ ನೆಲ ನೋಡುತ್ತ. "ಈಚೆಗೆ ಸಣ್ಣ ಸದ್ದೆಲ್ಲ ಹೋಗಕ್ಕೆ ಶುರುವಾಯ್ತು. ಡಾಕ್ಟ್ರ ಹತ್ರ ಹೋದ್ರೆ ಊರಿಗೆಲ್ಲ ಗೊತ್ತಾಗತ್ತೆ. ನಿನ್ನ ಮುಖ ನೋಡ್ತಿದ್ದೆ. ಎಲ್ಲಾದ್ರೂ ಕೆಟ್ಟಿದ್ರೆ ನಿನ್ನ ಹುಬ್ಬು ಹೇಳ್ಬಿಡೋದು. ಕೊಳಲಿನ ಹುಡುಗಿ ರೆಕಾರ್ಡು ವಾಪಸ್ ಕಳಿಸಿದ್ದು ಹಾಗೇನೇ."

ಅವಳಿಗೆ ಇಷ್ಟು ದಿನ ಮುಚ್ಚಿಟ್ಟನಲ್ಲ ಎಂದು ಅವನ ಭುಜ ಹಿಡಿದು ಅಲುಗಿಸಬೇಕೆನ್ನಿಸಿತು. ಬೀನ್ಸ್ ಬಿಡಿಸುತ್ತ ಕೂತ ತನ್ನ ಮುಖವನ್ನು ಒಬ್ಬ ಅಷ್ಟು ಹೊತ್ತು ನೋಡುತ್ತಿದ್ದನೆಂದು ನಾಚಿಕೆಯೂ ಆಯಿತು.

"ಕೇಳಿದ್ರೆ ಹೇಳ್ತಿರ್ಲಿಲ್ವಾ ನಾನು?" ಎಂದಳು. "ಬಾಯಿ ಇದೆಯಲ್ಲ ನಂಗೂ."

ಇಬ್ಬರಿಗೂ ಆಗ ಪಿಸುವಿನ ನೆನಪಾಯಿತು. ಪಿಸು ರೆಕಾರ್ಡನ್ನು ಎದೆಗೆ ಒರಗಿಸಿಕೊಂಡು ಕೂತಿದ್ದ.

"ನಮ್ಮ ವಯಸ್ಸಿನೋರಿಗೆ ಹೀಗೇ ಚೆನ್ನಾಗಿರತ್ತೆ ಅತ್ತಿಗೆ" ಎಂದ ಮೆಲ್ಲಗೆ. "ಬಿಟ್ಬಿಡೋಣ. ಇನ್ನೊಂದ್ಸಲ ಅಂದ್ರೆ ಮುಂದಿನ ವರ್ಷ. ನಾನು ಅಲ್ಲೀವರೆಗೆ..."

"ಇರ್ತೀರ. ನಾಳೆ ಪಿಯಾನೋ ಒಂದೇ ಬಿಡುಗಡೆ. ನಿಮ್ಮ ಪೆಟ್ಟಿಗೆ ಹಿಂದಿನ ಕೋಣೆಗೆ ಹೋಗ್ಲಿ. ಎಂಜಿನಿಯರ್ ಹತ್ರ ಈ ಸಲ ನಾನೇ ಕೂತ್ಕೋತೀನಿ."

ಹೇಳಿದ ಮೇಲೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಗಂಡನ ಕಡೆ ನೋಡಿದಳು. ಅವನು ಉಹೂಂ ಎನ್ನಲಿಲ್ಲ. "ಆಯ್ತು" ಎಂದ.

ಪಿಸು ರೆಕಾರ್ಡನ್ನು ಪೆಟ್ಟಿಗೆಯೊಳಗೆ ವಾಪಸು ಇಟ್ಟ. ಅದು ಕೂರಲಿಲ್ಲ, ಪಕ್ಕದವನ್ನು ಸರಿಸಿ ಜಾಗ ಮಾಡಬೇಕಾಯಿತು. ಮುಚ್ಚಳ ಮುಚ್ಚಿ ಅದರ ಮೇಲೆ ಅಂಗೈ ಇಟ್ಟುಕೊಂಡು ಕೇಳಿದ:

"ತಗಡು ರೆಕಾರ್ಡಿಂದೋ, ನನ್ನ ಕೈದೋ? ನಿಜ ಹೇಳಿ ಅತ್ತಿಗೆ. ನಂಗೆ ಹೇಗೆ ಗೊತ್ತಾಗ್ಬೇಕು?"

ಆ ಪ್ರಶ್ನೆ ಅವಳಿಗೆ ಹೊಳೆದಿರಲಿಲ್ಲ. ಎತ್ತಿ ಎತ್ತಿ ಕೆಡಿಸಿದ್ದು ಗಂಡನೇ ಸರಿ. ಆದರೆ ಕಿವಿ ಹೋದವನ ಕೈ ಅವನಿಗೆ ಕೇಳಿಸಲಿ ಎಂದು ತಾನಾಗಿಯೇ ಬಿರುಸಾಗಿದ್ದರೆ? ಸಮಾಧಾನಕ್ಕೆ ಇಲ್ಲವೆನ್ನಬಹುದಿತ್ತು.

"ಬಾರಿಸಿ ನೋಡೋಣ" ಎಂದಳು.

ಪಿಸು ಹೊಸ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಕೋಟಿನ ಒಳಜೇಬಿನಲ್ಲಿ ಬ್ರಶ್ಶುಗಳಿದ್ದವು, ಅವು ಇಲ್ಲದೆ ಅವನು ಮನೆ ಬಿಟ್ಟವನಲ್ಲ. ರಟ್ಟಿನ ಪೆಟ್ಟಿಗೆಯನ್ನು ಎರಡು ಕಾಲುಗಳ ನಡುವೆ ಎಳೆದುಕೊಂಡ. ಅವಳು ಕುರ್ಚಿಯಲ್ಲಿ ಕೂತಳು. ಹೊರಗೆ ಸಂಜೆ ಕಪ್ಪಾಗುತ್ತಿತ್ತು, ಕೋಣೆಯಲ್ಲಿ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ಗಂಡ ಮಂಡಿ ಹಿಡಿದುಕೊಂಡು ಎದ್ದ. ಮೂಲೆಯಲ್ಲಿದ್ದ ದೀಪವನ್ನು ತಂತಿ ಸಮೇತ ಎಳೆದು ತಂದು, ಅವಳ ಮುಖದ ಮೇಲೆ ಬೆಳಕು ಬೀಳುವ ಹಾಗೆ ಹಚ್ಚಿಟ್ಟ. ಆಮೇಲೆ ತನ್ನ ಕುರ್ಚಿಯನ್ನು ಪಿಸುವಿನ ಪಕ್ಕಕ್ಕೆ ಎಳೆದುಕೊಂಡು ಕೂತು, ಅವಳನ್ನೇ ನೋಡುತ್ತ, "ಹೂಂ, ಶುರು ಮಾಡೋ" ಎಂದ.