ಕೋಟಿನ ಹತ್ತಿ

ನಮ್ಮ ಅತ್ತೆಯ ಬಾಯಿಗೆ ಹೆದರಿ ಬೀದಿಯ ಗಡಿಯಾರಗಳೆಲ್ಲ ಐದು ನಿಮಿಷ ಮುಂದೆ ಓಡುತ್ತಿದ್ದವು. ಎಂಬತ್ತೆಂಟು ವರ್ಷ, ಹಲ್ಲು ಎರಡೇ. ಆ ಎರಡರಿಂದಲೇ ಸೊಸೆಯರಿಬ್ಬರನ್ನೂ ಜಗಿಯುತ್ತಿದ್ದರು.

ಮುಂದಿನ ಕೋಣೆಯಲ್ಲಿ ಮೈದುನನ ಹೊಲಿಗೆ ಅಂಗಡಿ. ಅವನು ಕೋಟು ಹೊಲಿಯುತ್ತಿದ್ದ, ವಾರಗಿತ್ತಿ ಗುಂಡಿಗೆ ಕಾಜಾ ಹಾಕುತ್ತಿದ್ದಳು, ಕೋಟಿನ ಭುಜಕ್ಕೆ ತುಂಬುವ ಹತ್ತಿ ಬಿಡಿಸುವುದು ನನ್ನ ಪಾಲು.

"ಅಕ್ಕಾ, ಅಷ್ಟೊಂದು ಹತ್ತಿ ಯಾಕೆ?" ಎನ್ನುತ್ತಿದ್ದಳು ವಾರಗಿತ್ತಿ.

"ನರಪೇತಲನೂ ಪೈಲ್ವಾನನ ಹಾಗೆ ಕಾಣ್ಬೇಕಲ್ಲೇ! ನಿನ್ನ ಗಂಡನಿಗೂ ಎರಡು ಹಿಡಿ ತುಂಬ್ಲಾ?"

ಆ ಹತ್ತಿಗೆ ನಮ್ಮ ಮನೆಯಲ್ಲಿ ಇನ್ನೊಂದು ಕೆಲಸವಿತ್ತು. ಯಾರದಾದರೂ ಉಸಿರು ನಿಂತರೆ, ನೂರು ಎಣಿಸುವುದರೊಳಗೆ ಮೂಗಿಗೆ ಹತ್ತಿ ತುರುಕಿ, ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿಯಬೇಕು. ಹೆಣದ ತೆರೆದ ಬಾಯಿ ಮನೆಯ ಇನ್ನೊಬ್ಬರನ್ನು ಹೆಸರು ಹಿಡಿದು ಕರೆಯುತ್ತದಂತೆ. ಅದಕ್ಕೆಂದೇ ಕತ್ತರಿಸಿದ ಬಿಳಿ ಪಟ್ಟಿಯೊಂದು ಬಾಗಿಲ ಹಿಂದಿನ ಮೊಳೆಯಲ್ಲಿ ಸದಾ ನೇತಾಡುತ್ತಿತ್ತು.

ಇಪ್ಪತ್ತು ವರ್ಷದ ಹಿಂದೆ ಕಾಂಪೌಂಡರು ನಮ್ಮವರ ಎದೆ ಒತ್ತಿ ಒತ್ತಿ ಕೈಬಿಟ್ಟಾಗ, ಹೆತ್ತ ತಾಯಿಯೇ ಆ ಪಟ್ಟಿ ಕಟ್ಟಿದ್ದರು. ಕಟ್ಟುವಾಗ ನಮ್ಮವರ ಕಿರುಬೆರಳು ನನ್ನ ಅಂಗೈಯನ್ನು ಒಂದು ಸಲ ಒತ್ತಿತು. ನಾನು ಕಿರುಚಿದೆ.

"ಹೆಣದ ನರ ಸೆಳೆಯತ್ತೆ, ಬಾಯಿ ಮುಚ್ಚು" ಎಂದು ಅತ್ತೆ ಗಂಟು ಬಿಗಿದರು.

ನಾನು ಬಾಯಿ ಮುಚ್ಚಿದೆ. ಆಮೇಲೆ ಜಗತ್ತಿನ ಎಲ್ಲದರ ಮೇಲೂ ತಮಾಷೆ ಮಾಡಿದ್ದೇನೆ, ಆ ಪಟ್ಟಿಯ ಮೇಲೆ ಮಾತ್ರ ಇಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಸದ್ದು ನಿಂತಿತು. ದಾರ ಕಿತ್ತುಹೋಗಿರಬೇಕು ಅಂದುಕೊಂಡೆ. ನೋಡಿದರೆ ಮೈದುನ ಅರ್ಧ ಹೊಲಿದ ತೋಳಿನ ಮೇಲೆ ಕೆನ್ನೆಯಿಟ್ಟು ಬಿದ್ದಿದ್ದ. ಮೂಲೆಯ ಕ್ಲಿನಿಕ್ಕಿನಿಂದ ಡಾಕ್ಟರಮ್ಮ ಓಡಿ ಬಂದಳು. ಕಡ್ಡಿಯಂಥ ಹುಡುಗಿ, ಆದರೆ ಅವಳು ಎದೆ ಒತ್ತಿದ ರಭಸಕ್ಕೆ ನಮ್ಮ ಮನೆಯ ಅಡಿಪಾಯವೇ ಒಂದು ಗೇಣು ಇಳಿದಿರಬೇಕು. ಒತ್ತಿದಳು, ಮೂಗು ಬಾಯಿಗೆ ರಬ್ಬರ್ ಚೀಲ ಹಿಡಿದು ಗಾಳಿ ಊದಿದಳು. ಅರ್ಧ ಗಂಟೆಯಾದ ಮೇಲೆ ಕೈ ತೆಗೆದು, ಬೆವರು ಒರೆಸಿಕೊಂಡು ತಲೆ ಅಲ್ಲಾಡಿಸಿದಳು.

ಅತ್ತೆ ಆಗಲೇ ಮೊಳೆಯಿಂದ ಪಟ್ಟಿ ಇಳಿಸಿದ್ದರು.

"ದೊಡ್ಡವಳೇ, ಹತ್ತಿ ತಾ."

"ತಡೀರಿ ಅಜ್ಜಿ" ಎಂದಳು ಡಾಕ್ಟರಮ್ಮ. "ಹತ್ತು ನಿಮಿಷ ಯಾರೂ ಏನೂ ಮಾಡ್ಬೇಡಿ. ಒತ್ತೋದು ಬಿಟ್ಟ ಮೇಲೂ ಒಂದೊಂದ್ಸಲ ಎದೆ ತಾನಾಗೇ ಹೊಡ್ಕೊಳ್ಳೋಕೆ ಶುರು ಮಾಡತ್ತೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ತುಂಬಾ ಅಪರೂಪ, ಆದ್ರೂ ಕಾಯ್ಬೇಕು."

"ಹೋದವರು ಬರ್ತಾರೇನೇ? ನಮ್ಮತ್ತೆ ಹೀಗೇ ಮಾಡಿದ್ರು, ಅವರತ್ತೆ ಹೀಗೇ ಮಾಡಿದ್ರು. ಅವನ ಬಾಯಿ ನೋಡು, ತೆರೆದಿದೆ! ಇನ್ನೊಬ್ಬರು ಹೋಗ್ಬೇಕಾ ಈ ಮನೇಲಿ?"

ವಾರಗಿತ್ತಿ ಗೋಡೆಗೆ ಒರಗಿ ನಿಂತಿದ್ದಳು. "ಅಕ್ಕಾ, ಅತ್ತೆ ಹೇಳಿದ್ಹಾಗೆ ಮಾಡ್ಬಿಡು. ಮಕ್ಕಳಿಗೇನಾದ್ರೂ ಆದ್ರೆ..."

ಹತ್ತಿಯ ಬುಟ್ಟಿ ನನ್ನ ಕೈಯಲ್ಲೇ ಇತ್ತು. ಅದನ್ನು ನೆಲಕ್ಕಿಟ್ಟು ಅದರ ಮೇಲೆ ಕೂತುಬಿಟ್ಟೆ.

"ಕೊಡಲ್ಲ ಅತ್ತೆ. ನನ್ನ ಎಬ್ಬಿಸೋಕೆ ನಾಲ್ಕು ಆನೆ ಬೇಕು, ಕರೆಸಿ. ಆ ಬಾಯಿ ಕರೆಯೋದಾದ್ರೆ ನನ್ನ ಕರೀಲಿ, ನಂಗೇನು ಇಲ್ಲಿ ಕಡಿದು ಕಟ್ಟೆ ಹಾಕೋದಿದೆ?"

"ಸೊಕ್ಕು ನಿಂಗೆ!"

"ಹೌದು. ಹತ್ತೊಂಬತ್ತು ವರ್ಷ ತಡವಾಗಿ ಬಂತು."

ಡಾಕ್ಟರಮ್ಮ ಮೈದುನನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡುತ್ತಿದ್ದಳು. ಮೂರು ನಿಮಿಷ. ಐದು. ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಬಾಯಿ ಹಾಗೇ ತೆರೆದಿತ್ತು. ನಿಜ ಹೇಳುತ್ತೇನೆ, ನನಗೂ ಅದು ಹೆಸರು ಹಿಡಿಯುವ ಹಾಗೇ ಕಂಡಿತು. ಬುಟ್ಟಿಯಿಂದ ಏಳಲಿಲ್ಲ, ಅಷ್ಟೇ.

ಎಂಟನೇ ನಿಮಿಷಕ್ಕೆ ಡಾಕ್ಟರಮ್ಮನ ಬೆರಳು ಒತ್ತಿ ನಿಂತಿತು. ಅವಳ ಮುಖ ಬಿಳಿಚಿಕೊಂಡಿತು. ಬಾಗಿ ಎದೆಗೆ ಕಿವಿಯಿಟ್ಟಳು.

"ಹೊಡ್ಕೋತಿದೆ."

ಆಮೇಲೆ ಆ ತೆರೆದ ಬಾಯಿ ಗರ್ರೆಂದು ಗಾಳಿ ಎಳೆದುಕೊಂಡಿತು.

ವಾರಗಿತ್ತಿ ಕೂಗಿದಳು, ಆಂಬುಲೆನ್ಸ್ ಬಂತು, ಎತ್ತಿಕೊಂಡು ಹೋದರು. ಮನೆಯಲ್ಲಿ ಅತ್ತೆ ಮತ್ತು ನಾನು ಉಳಿದೆವು. ಅತ್ತೆ ಖುಷಿಪಡಲಿಲ್ಲ. ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತರು.

"ದೊಡ್ಡವಳೇ."

"ಹೇಳಿ ಅತ್ತೆ."

"ಅವತ್ತು... ದೊಡ್ಡವನ ಬೆರಳು ನಿಜವಾಗ್ಲೂ ಒತ್ತಿತ್ತಾ?"

ಊರಿಗೆಲ್ಲ ಬುರುಡೆ ಬಿಟ್ಟವಳು ನಾನು. ಆಗ ಒಂದು ಸುಳ್ಳು ಸಾಕಾಗಿತ್ತು, ಬಾಯಿಗೆ ಬರಲಿಲ್ಲ.

"ಒತ್ತಿತ್ತು ಅತ್ತೆ."

ಅವರು ಅಳಲಿಲ್ಲ. ಮೇಜಿನ ಮೇಲಿದ್ದ ದೊಡ್ಡ ಕತ್ತರಿ ತೆಗೆದುಕೊಂಡು ಪಟ್ಟಿಯನ್ನು ಉಗುರಿನಷ್ಟು ಉಗುರಿನಷ್ಟು ಚೂರು ಮಾಡಿದರು.

ಮೈದುನ ಈಗ ಮತ್ತೆ ಕೋಟು ಹೊಲಿಯುತ್ತಾನೆ. ಬೀದಿಯಲ್ಲಿ ಯಾರ ಮನೆಯಲ್ಲಿ ಉಸಿರು ನಿಂತರೂ ಅತ್ತೆ ಕೋಲೂರಿಕೊಂಡು ಹೊರಡುತ್ತಾರೆ, ಜೊತೆಗೆ ನಾನು. "ಡಾಕ್ಟರನ್ನ ಕರೀರಿ. ಅವರು ಕೈಬಿಟ್ಟ ಮೇಲೂ ಹತ್ತು ನಿಮಿಷ ಹತ್ತಿ ಮುಟ್ಟಿದ್ರೆ ಬೆನ್ನ ಮೇಲೆ ಕೋಲು ಮುರೀತೀನಿ" ಎಂದು ಪಕ್ಕದಲ್ಲಿ ಕೂರುತ್ತಾರೆ. ಇದುವರೆಗೆ ಬೇರೆ ಯಾರೂ ಎದ್ದಿಲ್ಲ.

ಎಲ್ಲರೂ ಮುಖ ನೋಡುತ್ತಾರೆ. ಅತ್ತೆ ಮಾತ್ರ ಆ ಹತ್ತು ನಿಮಿಷವೂ ಕಿರುಬೆರಳನ್ನೇ ನೋಡುತ್ತಿರುತ್ತಾರೆ.