ಕೋಬಾಲ್ಟ್ ಕೂತ ಜಾಗ

"ಇದೆ ಅಂದ್ರೆ ಸಾಕಾಗಲ್ಲ, ಎಲ್ಲಿದೆ ಹೇಳಿ." ದೊಡ್ಡಬಳ್ಳಾಪುರದ ನಮ್ಮ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಶಶಿರೇಖಾ ಮೇಡಂ ಬಾಯಿಂದ ಈ ಮಾತು ಬಾರದ ದಿನವಿರಲಿಲ್ಲ. ಸ್ಪ್ಯಾನರ್ ಇದೆ ಎಂದರೂ ಇದೇ ಪ್ರಶ್ನೆ, ದೇವರಿದ್ದಾನೆ ಎಂದರೂ ಇದೇ ಪ್ರಶ್ನೆ. ಕುಂದಾಣದ ಕಡೆಯವರು, ಎಂ.ಎಸ್ಸಿ. ಮುಗಿಸಿ ತೊಂಬತ್ತೊಂದರಲ್ಲಿ ನಮ್ಮಲ್ಲಿಗೆ ಬಂದವರು. ಮುಂದಕ್ಕೆ ವಾಲಿದ, ಎದುರುಗಾಳಿಯನ್ನು ಸೀಳಿಕೊಂಡು ಹೋಗುವಂಥ ನಡಿಗೆ. ಏಪ್ರಿಲ್ಲಿನ ಬಿಸಿಲಿನಲ್ಲೂ ಸೀರೆಯ ಮೇಲೊಂದು ಗಂಡಸರ ಕಂದು ಸ್ವೆಟರು, ಅದರ ಎಡತೋಳಿನ ತುಂಬ ಕುಲುಮೆ ಕಚ್ಚಿದ ತೂತುಗಳು.

ಅವರ ಆರಾಧ್ಯವಸ್ತು ಜಿಯೊಲೈಟ್ ಎಂಬ ಬಿಳಿಯ ಪುಡಿ. ನೋಡಲು ರಂಗೋಲಿ ಹಿಟ್ಟು. ಒಳಗೆ, ಪಂಪು ಜೋಡಿಸುವ ಫಿಟ್ಟರನಾದ ನನಗೂ ಅವರು ತಿಳಿಹೇಳಿದಂತೆ, ಕಣ್ಣಿಗೆ ನಿಲುಕದ ಗೂಡುಗಳ ಮಹಾನಗರ: ದೊಡ್ಡ ಬಾಗಿಲಿನ ಹಜಾರಗಳು, ಸಣ್ಣ ಕಿಂಡಿಯ ಕೋಣೆಗಳು. ಆ ಪುಡಿಗೆ ಕೋಬಾಲ್ಟ್ ಸೇರಿಸಿ, ಒಂದು ದ್ರವವನ್ನು ಇನ್ನೊಂದಾಗಿಸುವ ಸರಕು ಮಾಡಬೇಕೆಂಬುದು ಕಂಪನಿಯ ಆಸೆ. ಸರಕೋ, ಸತ್ತಂತೆ ಕೂತಿತ್ತು. ಇನ್ನಷ್ಟು ಕೋಬಾಲ್ಟ್ ಸುರಿಯಿರಿ ಎಂದರು ಮ್ಯಾನೇಜರ್ ಚಿಕ್ಕವೆಂಕಟಪ್ಪ. ಕೋಬಾಲ್ಟ್ ಬೇಕಾದಷ್ಟಿದೆ, ಸಣ್ಣ ಕೋಣೆಗಳಲ್ಲಿ ಅಡಗಿದೆ, ದ್ರವದ ಕಣಕ್ಕೆ ಅಲ್ಲಿ ಪ್ರವೇಶವಿಲ್ಲ ಎಂದರು ಮೇಡಂ. ತಿಂಗಳೊಳಗೆ ತೋರಿಸಿ, ಇಲ್ಲವಾದರೆ ಪ್ರಯೋಗಶಾಲೆಗೆ ಬೀಗ ಎಂದಾಯಿತು.

ತೋರಿಸಬೇಕಾದದ್ದು ಬೆಳಕಿನಿಂದ. ನಿರ್ವಾತದಲ್ಲಿ ಕಾಸಿ ನೀರು ಕಳೆದರೆ ಕೋಬಾಲ್ಟಿನ ಪುಡಿ ಗಾಜಿನ ಕೊಳವೆಯಲ್ಲಿ ಕಡುನೀಲಿಯಾಗುತ್ತದೆ. ಅದರ ಮೇಲೆ ಬಣ್ಣಬಣ್ಣದ ಬೆಳಕು ಬಿಟ್ಟಾಗ, ಯಾವ ಬಣ್ಣವನ್ನು ಎಷ್ಟು ನುಂಗಿತೆಂದು ಯಂತ್ರದ ಲೇಖನಿ ಕಾಗದದ ಮೇಲೆ ದಿಬ್ಬಗಳನ್ನು ಬರೆಯುತ್ತದೆ. ಕೋಬಾಲ್ಟಿನ ಅಕ್ಕಪಕ್ಕ ಯಾರು ಕೂತಿದ್ದಾರೋ ಅದಕ್ಕೆ ತಕ್ಕಂತೆ ದಿಬ್ಬದ ಆಕಾರ.

ಮೊದಲ ಕೊಳವೆ ತಯಾರಾದ ದಿನ ಮ್ಯಾನೇಜರು ಬಂದರು. ಬೂದಿಗೆರೆಯ ಹೊಲಮನೆಯವರು, ಯಾವ ಸರಕನ್ನಾದರೂ ಕಣದಲ್ಲಿ ರಾಗಿ ನೋಡುವಂತೆ ಅಂಗೈಗೆ ಸುರಿದುಕೊಂಡೇ ನೋಡುವವರು. ನಾನು ಬೇಡ ಎನ್ನುವಷ್ಟರಲ್ಲಿ ಬಿರಡೆ ಕಿತ್ತು ಸುರಿದುಕೊಂಡೇಬಿಟ್ಟರು. ನೀಲಿಯ ಪುಡಿ ನೋಡನೋಡುತ್ತಿದ್ದಂತೆ ನಸುಗೆಂಪಾಯಿತು.

"ನೋಡಮ್ಮಾ, ಗಾಳಿ ತೇವ ತಾಕಿದ್ದೇ ಬಣ್ಣ ತಿರುಗ್ತು. ಅಡಗಿದ್ರೆ ತೇವಕ್ಕೆ ಹೆಂಗೆ ಸಿಗ್ತಿತ್ತು? ಎಲ್ಲಾ ಬಯಲಲ್ಲೇ ಐತೆ."

ಹಗಲೆಲ್ಲ ಕಾಸಿದ್ದು ಹಾಳಾಯಿತೆಂದು ನನಗೆ ಮೈ ಉರಿಯಿತು. ಮೇಡಂ ಮಾತ್ರ ಸ್ವೆಟರಿನ ತೋಳು ಏರಿಸಿಕೊಂಡು ನಕ್ಕರು.

"ನೀರು ಸಣ್ಣದು ಸಾರ್. ಬೆಕ್ಕಿನ ಮರಿ ನುಗ್ಗೋ ಕಿಂಡೀಲಿ ಎಮ್ಮೆ ನುಗ್ಗುತ್ತಾ?"

"ಹಂಗಾದ್ರೆ ಎಮ್ಮೆ ಬಿಟ್ಟು ತೋರಿಸಮ್ಮ."

"ಬಿಡ್ತೀನಿ. ಮೂಗು ಮುಚ್ಕೊಳ್ಳೋಕೆ ರೆಡಿಯಾಗಿ ಬನ್ನಿ."

ಆ ಎಮ್ಮೆಯ ಹೆಸರು ಪಿರಿಡಿನ್. ಕೊಳೆತ ಮೀನಿನ ನಾತದ, ಮೈದುಂಬಿದ ಕಣಗಳ ದ್ರವ. ಮ್ಯಾನೇಜರ ಎದುರಿನಲ್ಲೇ ಹೊಸ ಕೊಳವೆಗೆ ಅದರ ಹಬೆ ಬಿಟ್ಟರು. ಹಬೆ ಬಿಡುವ ಮುಂಚೆ ಬರೆದಿದ್ದ ದಿಬ್ಬಗಳನ್ನೇ ಲೇಖನಿ ಮತ್ತೆ ಬರೆಯಿತು; ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಮ್ಮೆ ಕಿಂಡಿಯ ಆಚೆಯೇ ನಿಂತಿತ್ತು. ಮೇಡಂ ಅಲ್ಲಿಗೇ ಬಿಡುವ ಹೆಣ್ಣಲ್ಲ. ಇನ್ನೊಂದು ಪುಡಿಯ ಸಣ್ಣ ಕೋಣೆಗಳನ್ನೆಲ್ಲ ಲ್ಯಾಂಥನಮ್ ಎಂಬ ಬೇರೆ ಲೋಹದಿಂದ ಮೊದಲೇ ತುಂಬಿಸಿ, ಆಮೇಲೆ ಕೋಬಾಲ್ಟ್ ಕೊಟ್ಟು ತಯಾರಾಗಿಯೇ ಇಟ್ಟಿದ್ದರು. ಅಡಗಲು ತಾವಿಲ್ಲದೆ ಅದು ಹಜಾರದಲ್ಲೇ ಉಳಿದಿತ್ತು. ಅದಕ್ಕೆ ಹಬೆ ತಾಕಿದ್ದೇ ತಡ, ದಿಬ್ಬಗಳು ಜಾಗ ಬಿಟ್ಟು ಸರಿದವು.

ಮ್ಯಾನೇಜರು ಕರವಸ್ತ್ರ ಇಳಿಸಿ, ಎರಡು ಕಾಗದಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. "ಸರಿ ಕಣಮ್ಮ. ಇನ್ಮೇಲೆ ಬಿರಡೆ ಮುಟ್ಟಲ್ಲ. ಲ್ಯಾಬು ನಿಂದು." ಅದೇ ವಾರ ಲ್ಯಾಂಥನಮ್ ತುಂಬಿದ ಆ ಪುಡಿಯನ್ನು ಕಾರ್ಖಾನೆಯ ದೊಡ್ಡ ಕೊಳವೆಗೆ ತುಂಬಿ ದ್ರವ ಹರಿಸಿದಾಗ, ವರ್ಷದಿಂದ ನಾವು ಕಾದಿದ್ದ ಆ ಇನ್ನೊಂದು ದ್ರವ ಆಚೆ ಬದಿಯಿಂದ ಧಾರೆಯಾಗಿ ಇಳಿಯಿತು.

ಕಾಣದ್ದರ ಬಗ್ಗೆ ಮಾತಾಡುವವರಿಗೆ ಲೋಕದಲ್ಲಿ ಬರವಿಲ್ಲ. ಹೆಚ್ಚಿನವರು ನಂಬಿ ಎನ್ನುತ್ತಾರೆ, ನಂಬದವರ ಮೇಲೆ ರೇಗುತ್ತಾರೆ. ಮೇಡಂ ಥರದವರ ಜಾತಿ ಬೇರೆ. ತಾವೇ ಸೋತುಬಿಡಬಹುದಾದ ಪರೀಕ್ಷೆಯನ್ನು ತಾವೇ ಹುಡುಕಿ ತಂದು, ಒಪ್ಪದವನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು, ದೀಪ ಹಚ್ಚುತ್ತಾರೆ.