ಹಸು ಏಳಕ್ಕೆ ಜಾಗ

ಕುದುರೆಗಳಿಗೆ ಮನೆ ಕಟ್ಟುವುದರಲ್ಲಿ ಅವಳ ಸೋದರಮಾವನಷ್ಟು ಗಟ್ಟಿಗ ಸುತ್ತಮುತ್ತ ಇನ್ನೊಬ್ಬನಿರಲಿಲ್ಲ. ಅವನು ವೆಲ್ಡಿಂಗ್ ಮಾಡಿದ ಲಾಯದ ಬಾಗಿಲನ್ನು ಒದ್ದ ಕುದುರೆ, ಬಾಗಿಲನ್ನು ಬಿಟ್ಟು ತನ್ನ ಕಾಲನ್ನೇ ನೋಡಿಕೊಳ್ಳುತ್ತಿತ್ತಂತೆ. ಹಾಗಂತ ಹೇಳುತ್ತಿದ್ದವನು ಅವನೇ. ಕುದುರೆಗಳನ್ನು ಯಾರೂ ಕೇಳಿರಲಿಲ್ಲ. ಅಂಥವನು ಅಕ್ಕನ ಮಗಳ ಮೇಲಿನ ಮಮತೆಗೆ ಹಳೆಯ ಕೊಟ್ಟಿಗೆ ಕೆಡವಿ, ಅವಳ ಐದು ಹಸುಗಳಿಗೆ ಕಬ್ಬಿಣದ ಅಂಕಣಗಳನ್ನು ನಿಲ್ಲಿಸಿಕೊಟ್ಟು ಹೋಗಿದ್ದ. ಅದಾಗಿ ಮೂರು ದಿನ. ಮೂರು ದಿನದಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

ಕಾರಣ ಕೆಂದ ಹಸು. ತುಂಬು ಗಬ್ಬ, ಇಂದೋ ನಾಳೆಯೋ ಕರು ಹಾಕಬೇಕು. ಹೊಸ ಅಂಕಣದಲ್ಲಿ ಅದು ಮಲಗಿದ್ದು ಒಂದೇ ಸಲ. ಏಳಲು ಹೋಗಿ ಎದುರಿನ ಹಲಗೆಗೆ ಹಣೆ ಗುದ್ದಿಕೊಂಡು ಕುಸಿದು ಬಿತ್ತು; ಅವಳೂ ಅವಳ ಅಮ್ಮನೂ ಸೇರಿ ಎಬ್ಬಿಸುವಷ್ಟರಲ್ಲಿ ಮೂವರಿಗೂ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಮಲಗಲೊಲ್ಲದು. ನಿಂತೂ ನಿಂತೂ ಕಾಲುಗಳು ಬಾತಿದ್ದವು. ಹೊರಗೆ ಕಟ್ಟೋಣವೆಂದರೆ ಅಂಗಳದ ತುಂಬ ಹಳೆ ಕೊಟ್ಟಿಗೆಯ ಕಲ್ಲು, ಮುರಿದ ಹೆಂಚು. "ಇವತ್ತಾದ್ರೂ ಮಲಗದಿದ್ರೆ ತಾಯಿಗೂ ಕಷ್ಟ, ಕರುಗೂ ಕಷ್ಟ" ಎಂದು ದನದ ಡಾಕ್ಟರು ಬೆಳಿಗ್ಗೆಯಷ್ಟೇ ಹೇಳಿಹೋಗಿದ್ದರು.

ಅವಳು ಹೇಳಿಕಳಿಸಿದ ಮೇಲೆ ಮಾವ ಬಂದವನೇ ಅಂಕಣದ ಪೈಪಿಗೆ ಎರಡು ಗುದ್ದು ಹಾಕಿದ. "ಏನಾಗಿದೆಯೇ ಇದಕ್ಕೆ? ಬಂಡೆ ಇದ್ದಂಗಿದೆ!"

"ಪೈಪಿಗೇನೂ ಆಗಿಲ್ಲ ಮಾವ, ಆಗಿರೋದು ಹಸುಗೆ. ಐದು ಹಸು ಇರೋಳಿಗೆ ಏಳು ಅಂಕಣ ಯಾಕೆ ಮಾಡಿದ್ರಿ?"

ಐದು ಅಂಕಣಗಳ ಸಾಲಿನ ಮುಂದೆ, ಹಸುಗಳ ತಲೆಯ ಕಡೆ, ಖಾಲಿ ಇರಬೇಕಾಗಿದ್ದ ಜಾಗದಲ್ಲಿ ಅವನು ಇನ್ನೆರಡನ್ನು ಅಡ್ಡಡ್ಡ ತುರುಕಿದ್ದ. ನಡುವೆ ಒಂದು ಇರುವೆಯೂ ನುಸುಳದಂತೆ ಕಬ್ಬಿಣದ ಹಲಗೆ ಬಿಗಿದಿದ್ದ.

"ಫೋನಲ್ಲಿ ನೀನೇ ತಾನೇ ಹೇಳಿದ್ದು? 'ಹಸು ಏಳಕ್ಕೆ ಜಾಗ ಬೇಕು ಮಾವ' ಅಂದೆ. ಏಳಕ್ಕೆ ಮಾಡಿದ್ದೀನಿ. ಬೇಕಾದ್ರೆ ಎಣಿಸ್ಕೋ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅಯ್ಯೋ ನನ್ನ ಕರ್ಮವೇ! ಏಳಕ್ಕೆ ಅಂದ್ರೆ ಎದ್ದೇಳಕ್ಕೆ! ಮಲಗಿದ್ದು ಎದ್ದು ನಿಲ್ಲಕ್ಕೆ!"

ಬಕೆಟ್ಟು ಬೋರಲು ಹಾಕಿ ಕೂತಿದ್ದ ಅಮ್ಮ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಇವನನ್ನ ಸ್ಕೂಲಿಗೆ ಕಳಿಸಿದ್ದು ದಂಡ. ಲೆಕ್ಕ ಕಲಿತ, ಮಾತು ಕಲೀಲಿಲ್ಲ."

ಮಾವ ಗಳಿಗೆ ಹೊತ್ತು ಪೆಚ್ಚಾದ. ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಕುಲ ಅವನದು. "ಇರ್ಲಿ ಬಿಡು, ಎದ್ದೇಳಕ್ಕೂ ಜಾಗ ಇದೆ. ಕುದುರೆ ಇಷ್ಟರಲ್ಲೇ ಏಳತ್ತೆ."

"ಇದು ಕುದುರೆ ಅಲ್ಲ ಮಾವ!"

"ನಾಲ್ಕು ಕಾಲು, ಒಂದು ಬಾಲ. ಮಿಕ್ಕಿದ್ದೇನು ಮಹಾ?"

"ಕುದುರೆ ಮುಂಗಾಲು ಊರಿ ಮುಂದಿಂದ ಏಳತ್ತೆ. ಹಸು ಮೊದಲು ಹಿಂದುಗಡೆ ಎತ್ತತ್ತೆ. ಎತ್ತಬೇಕಾದ್ರೆ ತಲೆ ಮುಂದಕ್ಕೆ ಚಾಚ್ಲೇಬೇಕು. ಅಲ್ಲಿ ನಿಮ್ಮ ಹಲಗೆ ಕೂತಿದೆ."

ಮೂರು ಸಲ ಹೇಳಿದಳು. ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ. ಮೂವತ್ತು ವರ್ಷದಲ್ಲಿ ತಾನು ಬಿಗಿದ ಒಂದು ಬೋಲ್ಟನ್ನೂ ತಾನೇ ಬಿಚ್ಚಿಲ್ಲವೆಂದು ಅವನು ಮೂರು ಸಲ ಹೇಳಿದ. ಕೊನೆಗೆ, "ಬಾಯಿ ಮಾತು ಯಾಕೆ? ತೋರಿಸ್ತೀನಿ ನೋಡು" ಎಂದು, ನೀರಿಗೆ ಬಿಟ್ಟಿದ್ದ ಹಸುವಿನ ಖಾಲಿ ಅಂಕಣಕ್ಕೆ ಹೊಕ್ಕು, ಹಸುವಿನ ಮೂತಿ ಬರುವಲ್ಲಿ ಮೂತಿಯಿಟ್ಟು ರಬ್ಬರ್ ಹಾಸಿನ ಮೇಲೆ ಬೋರಲು ಮಲಗಿದ. ಕೈಯೂರಿ ಮೊದಲು ಎದೆ ಎತ್ತಿ, ಆಮೇಲೆ ಮಿಕ್ಕಿದ್ದನ್ನು ಎತ್ತಿ ನಿಂತ. "ಕಂಡ್ಯಾ?"

"ಅದು ಕುದುರೆ ಎದ್ದಿದ್ದು. ಹಸು ಥರ ಏಳಿ."

ಮತ್ತೆ ಮಲಗಿದ.

"ಮೊಣಕೈ ನೆಲ ಬಿಡಬಾರದು ಕಣೋ" ಎಂದಳು ಅಮ್ಮ. "ಮೊದಲು ತಿಕ ಎತ್ತು. ಹಾಂ, ಜೋರಾಗಿ."

ಜೋರಾಗಿಯೇ ಎತ್ತಿದ. ಭಾರವೆಲ್ಲ ಮುಂದಕ್ಕೆ ಜಾರಿತು. ಧಡ್! ಹಲಗೆ ಅಲ್ಲಾಡಲಿಲ್ಲ, ಅಷ್ಟು ಗಟ್ಟಿ ಕೆಲಸ.

ಯಾರೂ ನಗಲಿಲ್ಲ. ನಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮಾವ ಮಂಡಿಯ ಮೇಲೆ ಕೂತು ಹಣೆ ಉಜ್ಜಿಕೊಂಡ. ಪಕ್ಕದ ಅಂಕಣದಲ್ಲಿ ಕೆಂದ ಹಸು ಬಾತ ಕಾಲನ್ನು ಎತ್ತಿ, ಇನ್ನೊಂದರ ಮೇಲೆ ಭಾರ ಬಿಟ್ಟು, ಮತ್ತೆ ಇದನ್ನು ಊರಿತು. ಅವನು ಆ ಕಾಲುಗಳನ್ನು ಅಂದು ಮೊದಲ ಸಲ ನೋಡಿದ.

"ಪಾಪದ್ದು" ಎಂದ. "ಅದನ್ನ ಆಚೆ ಕಡೆ ಹಿಡ್ಕೊಳ್ಳೇ, ಕಿಡಿ ಹಾರತ್ತೆ."

ಕುದುರೆ ಒದ್ದರೂ ಜಗ್ಗಬಾರದೆಂದು ಬೋಲ್ಟುಗಳ ತಲೆಗೂ ವೆಲ್ಡಿಂಗ್ ಮಾಡಿದ್ದ. ಈಗ ಒಂದೊಂದನ್ನೂ ಗ್ರೈಂಡರಿನಲ್ಲಿ ಕೊಯ್ಯುತ್ತ, "ಯಾವನಪ್ಪ ಮಾಡಿದ್ದು ಇದನ್ನ!" ಎಂದು ತನಗೆ ತಾನೇ ಶಾಪ ಹಾಕಿಕೊಂಡ. ಹಲಗೆ ಕೆಳಗಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಕೆಂದ ಹಸು ತೆರೆದ ಜಾಗವನ್ನು ಮೂಸಿತು. ಇದ್ದ ಹಲಗೆ ಎಲ್ಲಿ ಹೋಯಿತೆಂಬ ಅನುಮಾನಕ್ಕೆ ಇನ್ನೊಮ್ಮೆ ಮೂಸಿತು. ಮುಂಗಾಲು ಮಡಿಸಿ, ಉಸ್ಸೆಂದು ಮಲಗಿತು. ಹಸು ತಲೆಯನ್ನು ಮುಂದಕ್ಕೆ ಬೀಸಿ, ಹಿಂಭಾಗ ಎತ್ತಿ, ಎದ್ದು ನಿಂತಿತು. ಏಳಬಲ್ಲೆನೆಂದು ಖಾತ್ರಿಯಾದ ಮೇಲೆ ಮತ್ತೆ ಮಲಗಿ, ಕತ್ತು ನೀಳವಾಗಿ ಚಾಚಿ, ಆಚೆ ಬಿದ್ದಿದ್ದ ಮಾವನ ಸಾಮಾನಿನ ಚೀಲದ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿತು.

ಅವಳು ಕಣ್ಣೊರೆಸಿಕೊಂಡಳು.

"ಇನ್ನೂ ನಾಲ್ಕು ಅಂಕಣದ ಹಲಗೆ ಬಿಚ್ಚಬೇಕು" ಎಂದ ಮಾವ, ದನಿ ತಗ್ಗಿಸಿ. "ಸ್ಪ್ಯಾನರೆಲ್ಲ ಅದರ ತಲೆ ಕೆಳಗಿದೆ. ಒಂಚೂರು ಸರಿಸ್ಲಾ?"

ತಾಯಿ ಮಗಳು ಇಬ್ಬರೂ ಅವನನ್ನು ನೋಡಿದರು.

"ಸರಿ, ಸರಿ" ಎಂದು ಮಾವ ನೆಲದ ಮೇಲೆಯೇ ಕೂತ.